ಹನ್ನೊಂದನೆಯ ಪರವಾನಗಿ

ಮಾರ್ಚ್ 4

ತಂಗೀ,

ನಿಮ್ಮ ತಂಡದ ನಾಟಕ ಮೇ 23ರ ಶನಿವಾರ ಸಂಜೆ ಆರು ಗಂಟೆಗೆ ಈ ಊರಿನ ಪುರಸಭೆಯ ರಂಗಮಂದಿರದಲ್ಲಿ ನಡೆಯಲಿದೆ. ಹೀಗೆಂದು ವರದಿ ಮಾಡಿದ್ದು ಇಲ್ಲಿನ ದಿನಪತ್ರಿಕೆ, ಏಳನೇ ಪುಟ, ಎಡಗಡೆಯ ಕಾಲಂ. ನೀನಲ್ಲ.

ಮೊದಲು ಏನಾಯಿತು, ಆಮೇಲೆ ಯಾರು ಹೇಳಿದರು, ಕೊನೆಗೆ ಮುಂದೇನು. ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದ ಅಪ್ಪ ನಮ್ಮಿಬ್ಬರಿಗೂ ಕಾಗದ ಬರೆಯಲು ಕಲಿಸಿದ್ದು ಹೀಗೆ. ಮೊಬೈಲಿನಲ್ಲಿ ಬರೆದರೆ ನಾವು ಎರಡನೇ ಸಾಲಿಗೇ ಜಗಳಕ್ಕೆ ಬೀಳುತ್ತೇವೆ, ಕಾಗದವಾದರೆ ಕಾರಣವನ್ನಾದರೂ ಬರೆಯಬೇಕಾಗುತ್ತದೆ ಎನ್ನುತ್ತಿದ್ದರು. ಅದಕ್ಕೇ ಇದು ಕಾಗದ.

ರಾಯಭಾರಿಗಳು ಪತ್ರಿಕೆಯನ್ನು ನನ್ನ ಮೇಜಿನ ಮೇಲಿಟ್ಟು ಕೇಳಿದರು.

"ಇವರು ನಮ್ಮ ದೇಶದವರೇ ಅಲ್ವಾ?"

"ಹೌದು ಸರ್."

"ನಮ್ಮ ಕಚೇರಿ ಹೆಸರು ಎಲ್ಲೂ ಕಾಣಲ್ಲವಲ್ಲ."

"ಇಲ್ಲ ಸರ್."

"ಕಿವುಡರ ನಾಟಕ ಅಂತೆ. ನಿರ್ದೇಶಕಿ ಯಾರು, ಗೊತ್ತಾ?"

"ನನ್ನ ತಂಗಿ ಸರ್."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಮತ್ತೆ ಹಾಕಿಕೊಂಡು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ನಮ್ಮ ಸಾಂಸ್ಕೃತಿಕ ವಿಭಾಗ ಎಂದರೆ ನಾನು, ಒಬ್ಬರು ಗುಮಾಸ್ತರು, ಬೀಗ ಕೆಟ್ಟ ಒಂದು ಕಪಾಟು. ಹೋದ ತಿಂಗಳು ಚಿತ್ರಕಲಾ ಪ್ರದರ್ಶನ ಮಾಡಿದೆವು. ಹದಿನಾಲ್ಕು ತಿಂಗಳ ಓಡಾಟ. ಉದ್ಘಾಟನೆಗೆ ಬಂದವರು ನಲವತ್ತೆರಡು ಮಂದಿ, ಅದರಲ್ಲಿ ಹತ್ತೊಂಬತ್ತು ನಮ್ಮ ಕಚೇರಿಯವರು ಮತ್ತು ಅವರ ಮನೆಯವರು. ಇಬ್ಬರು ಶೌಚಾಲಯ ಎಲ್ಲಿದೆ ಎಂದು ಕೇಳಿಕೊಂಡು ಬಂದವರು. ಇದೇ ಪತ್ರಿಕೆ ನಮಗೆ ಎರಡು ಸಾಲು ಕೊಟ್ಟಿತ್ತು. ನಿನಗೆ ನಲವತ್ತು ಸಾಲು ಮತ್ತು ಫೋಟೋ.

ಯಾರು ಕರೆದರು? ಯಾರು ಕರೆತರುತ್ತಿದ್ದಾರೆ? ನನಗೇಕೆ ತಿಳಿಸಲಿಲ್ಲ? ಈಗಲೂ ಕಾಲ ಮಿಂಚಿಲ್ಲ. ಭಿತ್ತಿಪತ್ರದ ಮೇಲ್ಗಡೆ ರಾಯಭಾರ ಕಚೇರಿಯ ಹೆಸರು ಹಾಕಿಸು. ಭಾಷಾಂತರಕ್ಕೆ ನಾನಿದ್ದೇನೆ. ನಿನಗೆ ಕಿವಿ ಕೇಳುವುದಿಲ್ಲವೆಂದು ಡಾಕ್ಟರು ಹೇಳಿದಾಗ ನಿನಗೆ ಎರಡು ವರ್ಷ, ನನಗೆ ಆರು. ಅಂದಿನಿಂದ ನಿನ್ನ ಬಾಯಿ ನಾನೇ ತಾನೆ?

ಕಚೇರಿಯ ಮುಂದಿನ ಸಭೆ ಮಾರ್ಚ್ 20ಕ್ಕೆ. ಅಷ್ಟರೊಳಗೆ ಉತ್ತರ ಬೇಕು.

ಅಕ್ಕ


ಮಾರ್ಚ್ 15

ಅಕ್ಕಾ,

ಆರುನೂರು ಟಿಕೆಟುಗಳಲ್ಲಿ ಮುನ್ನೂರ ಹತ್ತು ಹೋಗಿವೆ. ತಿಳಿಸಿದವರು ನಿಮ್ಮ ಊರಿನ ಕಿವುಡರ ಸಂಘದ ಕಾರ್ಯದರ್ಶಿ. ಗಡಿಯಾರ ರಿಪೇರಿ ಮಾಡುತ್ತಿದ್ದವರು, ಈಗ ನಿವೃತ್ತರು. ಒಂದು ಕಣ್ಣು ಮುಚ್ಚಿ ಇನ್ನೊಂದಕ್ಕೆ ಭೂತಗನ್ನಡಿ ಹಿಡಿದಂತೆ ಮಾಡಿದರೆ ಅದೇ ಅವರ ಹೆಸರು. ನಮ್ಮವರು ಅವರನ್ನು ಗಡಿಯಾರದವರು ಎನ್ನುತ್ತಾರೆ.

ಯಾರು ಕರೆದರು ಎಂದು ಕೇಳಿದ್ದೀಯ. ಅವರೇ. ಮೂರು ವರ್ಷದ ಹಿಂದೆ, ಕಿವುಡರ ಶಾಲೆಗಳ ಹಳೆಯ ಫೋಟೋಗಳಿದ್ದರೆ ಕಳಿಸಿ ಎಂದು ನಮ್ಮ ಸಂಘಕ್ಕೆ ಬರೆದಿದ್ದರು. ಆಮೇಲೆ ಪ್ರತಿ ಶನಿವಾರ ಕಂಪ್ಯೂಟರ್ ಪರದೆಯ ಮೇಲೆ ಭೇಟಿ. ಅವರ ಸನ್ನೆಗಳೇ ಬೇರೆ, ನಮ್ಮವೇ ಬೇರೆ. "ನಾಳೆ" ಎನ್ನುವುದಕ್ಕೆ ಇಬ್ಬರೂ ಒಪ್ಪುವ ಒಂದು ಸನ್ನೆ ಹುಡುಕಲು ನಾಲ್ಕು ಶನಿವಾರ ಬೇಕಾಯಿತು. ನಾಟಕ ಅಲ್ಲಿಂದ ಹುಟ್ಟಿತು.

ಖರ್ಚು ಹಾಕಿ ಕರೆತರುತ್ತಿರುವುದು ದೀಪ ತಯಾರಿಸುವ ಒಂದು ಕಂಪನಿ. ಅವರೇನೂ ದೇವರಲ್ಲ. ನಿಮ್ಮ ಊರಿನ ಹೊರಗೂ ಅವರ ಕಾರ್ಖಾನೆಯಿದೆ, ಅಲ್ಲಿ ಹೆಸರು ಬೇಕು. ಮೊದಲು ರಂಗದ ಪರದೆಯ ಮೇಲೇ ಹೆಸರು ಬರೆಸುತ್ತೇವೆ ಎಂದರು. ನಾನು ಒಪ್ಪಲಿಲ್ಲ. ಎರಡು ತಿಂಗಳು ಹಗ್ಗಜಗ್ಗಾಟವಾಗಿ ಕೊನೆಗೆ ಟಿಕೆಟಿನ ಹಿಂಬದಿಗೆ ಇಳಿದರು. ಆದರೆ ಅವರು ಕೊಟ್ಟ ದೀಪ ಮಾತ್ರ ಒಳ್ಳೆಯದು. ಕಿರಿದಾದ ಬೆಳಕು. ಮುಖ ಬಿಟ್ಟು ಕೈಗಳನ್ನಷ್ಟೇ ಹಿಡಿಯುತ್ತದೆ. ಕತ್ತಲಾದರೆ ನಮಗೆ ಮಾತಿಲ್ಲ, ನಿನಗೆ ಗೊತ್ತು. ದೀಪ ಹಿಡಿಯುವವರು ಬಡಗಿ ಮೇಷ್ಟ್ರು. ಸರ್ಕಾರಿ ಕಿವುಡರ ಶಾಲೆಯಲ್ಲಿ ಮರಗೆಲಸ ಕಲಿಸುತ್ತಾರೆ, ಜೂನ್‌ನಲ್ಲಿ ನಿವೃತ್ತಿ. ಕೈ ಎಲ್ಲಿಗೆ ಹೋಗುತ್ತದೆಂದು ಅರ್ಧ ಕ್ಷಣ ಮೊದಲೇ ತಿಳಿದಿರಬೇಕು, ಇಲ್ಲವಾದರೆ ಮಾತು ಕತ್ತಲಲ್ಲಿ ಬಿದ್ದುಹೋಗುತ್ತದೆ. ಸನ್ನೆ ಗೊತ್ತಿಲ್ಲದವರಿಗೆ ಆಗದ ಕೆಲಸ.

ಭಾಷಾಂತರಕ್ಕೆ ಗಡ್ಡದವರಿದ್ದಾರೆ. ಕಂಪನಿಯ ಎಂಜಿನಿಯರ್. ನಿಮ್ಮ ಊರಿನ ಕಾರ್ಖಾನೆಯಲ್ಲಿ ಆರು ವರ್ಷ ಇದ್ದವರು, ಅಲ್ಲಿನ ಮಾತು ಬರುತ್ತದೆ. ನಾಲ್ಕು ವರ್ಷ ನಮ್ಮ ಜೊತೆ ನೆಲದ ಮೇಲೆ ಕೂತು ಸನ್ನೆ ಕಲಿತರು. ನಿನಗೆ ತೊಂದರೆ ಕೊಡುವುದಿಲ್ಲ.

ಅಲ್ಲಿಗೆ ಬಂದು ನಾಟಕವಾಡುವ ಪರವಾನಗಿಗೆ ಹನ್ನೊಂದು ಜನರ ಅರ್ಜಿ ಏಪ್ರಿಲ್ 1ಕ್ಕೆ ಸಲ್ಲಿಸುತ್ತೇವೆ.

ತಂಗಿ


ಮಾರ್ಚ್ 27

ಪ್ರಿಯ ತಂಗಿಗೆ,

ಮಾನ್ಯ ರಾಯಭಾರಿಗಳು ನಾಟಕಕ್ಕೆ ಬರಲು ಒಪ್ಪಿದ್ದಾರೆ. ಇದು ಮಾರ್ಚ್ 20ರ ಸಭೆಯ ನಡಾವಳಿಯಲ್ಲಿ ದಾಖಲಾಗಿದೆ, ಬರೆದವಳು ನಾನೇ.

ಅವರು ಬರುವುದರಿಂದ ಕೆಲವು ವ್ಯವಸ್ಥೆಗಳಾಗಬೇಕು. ಮೊದಲ ಎರಡು ಸಾಲಿನ ನಲವತ್ತೆಂಟು ಕುರ್ಚಿಗಳು ಗಣ್ಯರಿಗೆ. ಆರಂಭದಲ್ಲಿ ಹನ್ನೆರಡು ನಿಮಿಷದ ಸ್ವಾಗತ ಭಾಷಣ. ಭಾಷಣದ ವೇಳೆ ಸಭಾಂಗಣದ ದೀಪಗಳನ್ನು ಆರಿಸಿ ಬೆಳಕನ್ನು ರಾಯಭಾರಿಗಳ ಮೇಲೆ ಮಾತ್ರ ಬಿಡಬೇಕು.

ಗಡ್ಡದವರ ವಿಷಯ ಓದಿದೆ. ನಾಲ್ಕು ವರ್ಷ. ಬಹಳವಾಯಿತು. ನಾನು ಮೂವತ್ತೇಳು ವರ್ಷದಿಂದ ಮಾಡುತ್ತಿದ್ದೇನೆ, ಯಾರೂ ನನ್ನನ್ನು ಎಂಜಿನಿಯರ್ ಎಂದು ಕರೆಯಲಿಲ್ಲ. ಅಡುಗೆಮನೆಯಲ್ಲಿ ನಾವಿಬ್ಬರೇ ಕಟ್ಟಿಕೊಂಡ ಸನ್ನೆಗಳಿದ್ದವಲ್ಲ, ಅಮ್ಮನಿಗೂ ತಿಳಿಯದಂಥವು, ಅವನ್ನೂ ಅವರಿಗೆ ಹೇಳಿಕೊಟ್ಟೆಯಾ? ಬರೀ ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

ನಿಮ್ಮಂಥ ತಂಡಗಳ ಅರ್ಜಿಗೆ ಇಲ್ಲಿನ ಪರವಾನಗಿ ಕಚೇರಿ ನಮ್ಮಿಂದ ಒಂದು ದೃಢೀಕರಣ ಪತ್ರವನ್ನು ನಿರೀಕ್ಷಿಸುವುದು ವಾಡಿಕೆ. ಆ ಪತ್ರದ ಫೈಲು ಈಗ ನನ್ನ ಮೇಜಿನ ಮೇಲಿದೆ. ಆಸನಗಳ ವಿಚಾರ ಇತ್ಯರ್ಥವಾದ ಮೇಲೆ ಕ್ರಮ ಕೈಗೊಳ್ಳಲಾಗುವುದು.

ಅಕ್ಕ


ಏಪ್ರಿಲ್ 6

ಅಕ್ಕಾ,

ಅರ್ಜಿ ಸಲ್ಲಿಕೆಯಾಗಿದೆ. ರಸೀದಿ ತೋರಿಸಿದವರು ಬಡಗಿ ಮೇಷ್ಟ್ರು, ಎಲ್ಲರಿಗೂ ಎರಡೆರಡು ಸಲ. ಅವರಿಗಿದು ಮೊದಲ ವಿದೇಶ ಪ್ರಯಾಣ. ಹೊಸ ಬೂಟು ಕೊಂಡಿದ್ದಾರೆ, ಕಚ್ಚಬಾರದೆಂದು ಈಗಿನಿಂದಲೇ ಶಾಲೆಗೆ ಹಾಕಿಕೊಂಡು ಬರುತ್ತಾರೆ. "ಹೊಸ ಮದುಮಗ ಬಂದ" ಎಂದು ಮಕ್ಕಳು ಸನ್ನೆ ಮಾಡಿ ನಗುತ್ತಾರೆ. ಅವರೂ ನಗುತ್ತಾರೆ.

ಮುಂದಿನ ಎರಡು ಸಾಲು ಕೊಡುವುದಿಲ್ಲ. ಸುತ್ತಲಿನ ಊರುಗಳಿಂದ ನೂರ ಎಂಬತ್ತು ಕಿವುಡರು ಬರುತ್ತಿದ್ದಾರೆ. ಕಣ್ಣು ಮಂಜಾದ ವಯಸ್ಸಾದವರು ಮುಂದೆ ಕೂರಬೇಕು, ಅವರಿಗೆ ಕಣ್ಣೇ ಕಿವಿ. ರಾಯಭಾರಿಗಳಿಗೆ ಐದನೇ ಸಾಲಿನ ಮಧ್ಯದ ಆಸನ. ಕೇಳುವವರಿಗೆ ಅಲ್ಲಿಂದ ಚೆನ್ನಾಗಿ ಕೇಳುತ್ತದೆ.

ದೀಪ ಆರಿಸಿ ಭಾಷಣ ಮಾಡಿಸುತ್ತೀಯಂತೆ. ನೂರ ಎಂಬತ್ತು ಜನ ಕತ್ತಲಲ್ಲಿ ಕೂತು, ಒಬ್ಬರ ತುಟಿ ಅಲ್ಲಾಡುವುದನ್ನು ಹನ್ನೆರಡು ನಿಮಿಷ ನೋಡಬೇಕು. ಇದನ್ನು ಬೇರೆ ಯಾರಾದರೂ ಬರೆದಿದ್ದರೆ ಗೊತ್ತಿಲ್ಲದವರು ಎಂದು ಬಿಡುತ್ತಿದ್ದೆ.

ಅಡುಗೆಮನೆಯ ಸನ್ನೆಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ.

ಪತ್ರ ಯಾವಾಗ ಹೋಗುತ್ತದೆ?

ತಂಗಿ


ಏಪ್ರಿಲ್ 14

ನಿರ್ದೇಶಕಿಯವರಿಗೆ,

ನಾಟಕದ ತಾಲೀಮಿನ ಫೋಟೋ ಇಂದಿನ ಪತ್ರಿಕೆಯಲ್ಲಿ ಪ್ರಕಟವಾಗಿದೆ. ನನಗೆ ತೋರಿಸಿದವರು ನಮ್ಮ ಗುಮಾಸ್ತರು. "ಮೇಡಂ, ಈ ಕೋಟು ಎಲ್ಲೋ ನೋಡಿದ ಹಾಗಿದೆಯಲ್ಲ" ಎಂದರು. ನನ್ನ ಗುರುತಿನ ಚೀಟಿಯ ಫೋಟೋದಲ್ಲಿ ನೋಡಿದ್ದಾರೆ.

ಅದು ನನ್ನ ಕಂದು ಚೌಕುಳಿ ಕೋಟು. ಮೂರನೇ ಗುಂಡಿ ಬೇರೆ ಬಣ್ಣದ್ದು. ಚಳಿಗೆ ಇರಲಿ ಎಂದು ನಿನಗೆ ಬಿಟ್ಟುಬಂದಿದ್ದೆ, ವೇಷಕ್ಕಲ್ಲ. ಫೋಟೋದ ಕೆಳಗೆ ಹೀಗಿದೆ: "ತಂಗಿಯ ಪರವಾಗಿ ತಾನೇ ಮಾತಾಡುವ ಅಕ್ಕನ ಪಾತ್ರ. ಪ್ರೇಕ್ಷಕರನ್ನು ನಗಿಸುವ ದೃಶ್ಯ."

ಮೂರು ವರ್ಷ ಶನಿವಾರ ಶನಿವಾರ ಕೂತು ಊರವರೆಲ್ಲ ಸೇರಿ ಇದನ್ನು ಕಟ್ಟಿದಿರಾ? ನನಗೆ ಹೇಳದಿದ್ದುದು ಏಕೆಂದು ಈಗ ತಿಳಿಯಿತು. ಆರುನೂರು ಜನರೆದುರು, ಐದನೇ ಸಾಲಿನಲ್ಲಿ ನನ್ನ ರಾಯಭಾರಿಯನ್ನು ಕೂರಿಸಿ ನನ್ನನ್ನು ನಗೆಪಾಟಲು ಮಾಡುವುದಕ್ಕೆ ನಾನೇ ಪತ್ರ ಬರೆದುಕೊಡಬೇಕು.

ಕಡತ ಪರಿಶೀಲನೆಯಲ್ಲಿದೆ.

ಸಾಂಸ್ಕೃತಿಕ ವಿಭಾಗ


ಏಪ್ರಿಲ್ 22

ಅಕ್ಕಾ,

ಪತ್ರ ಇನ್ನೂ ಹೋಗಿಲ್ಲ. ನಿನ್ನ ಕಾಗದವೇ ಅದನ್ನು ಹೇಳಿತು, ಬೇರೆ ಯಾರೂ ಹೇಳಬೇಕಾಗಲಿಲ್ಲ.

ಆ ದೃಶ್ಯ ಯಾವುದೆಂದು ಬರೆಯುತ್ತೇನೆ, ನೀನೇ ತೀರ್ಮಾನಿಸು. ನನಗೆ ಹನ್ನೆರಡು. ಶಾಲೆಯ ಮುಖ್ಯೋಪಾಧ್ಯಾಯಿನಿಯ ಕೋಣೆ, ಹಸಿರು ಬಟ್ಟೆ ಹೊದಿಸಿದ ಮೇಜು. "ಇವಳಿಗೆ ಯಾವ ತರಗತಿ ಬೇಕಂತೆ?" ಎಂದು ಅವರು ನಿನ್ನನ್ನು ಕೇಳಿದರು. ನಾನು ನಾಟಕ ಎಂದು ಸನ್ನೆ ಮಾಡಿದೆ. ಎರಡು ಸಲ ಮಾಡಿದೆ. ನೀನು ಅವರ ಕಡೆ ತಿರುಗಿಕೊಂಡಿದ್ದೆ. "ಹೊಲಿಗೆ, ಮೇಡಂ" ಎಂದೆ. ನನ್ನ ಕೈ ನೋಡಲೇ ಇಲ್ಲ. ನಾಲ್ಕು ವರ್ಷ ದಿಂಬಿನ ಚೀಲ ಹೊಲಿದೆ.

ನೀನು ಕೆಟ್ಟತನದಿಂದ ಹಾಗೆ ಮಾಡಲಿಲ್ಲ. ಉತ್ತರ ನನಗೆ ಗೊತ್ತು ಎಂದು ನೀನು ಅಂದುಕೊಂಡಿದ್ದೆ. ಈಗ ಆ ಮುಂದಿನ ಸಾಲಿನ ಕುರ್ಚಿಗಳನ್ನು ಹಂಚಿದ್ದೂ ಹಾಗೆಯೇ.

ಇನ್ನೊಂದು ಮಾತು. ಮನೆಗೆ ಯಾರೇ ಬಂದರೂ ನಾನು ಹೇಳಿದ ತಮಾಷೆಗೆ ನಿನ್ನ ಮುಖ ನೋಡಿ ನಗುತ್ತಿದ್ದರು. ತಮಾಷೆ ನನ್ನದು, ನಗು ನಿನಗೆ. "ನಿಮ್ಮ ದೊಡ್ಡ ಮಗಳು ಎಷ್ಟು ಚೂಟಿ" ಎಂದು ಹೇಳಿ ಹೋಗುತ್ತಿದ್ದರು. ಅವರು ಹಾಗೆ ಹೇಳಿದ್ದನ್ನು ನನಗೆ ಸನ್ನೆಯಲ್ಲಿ ತಿಳಿಸುತ್ತಿದ್ದವಳೂ ನೀನೇ, ಒಂದಕ್ಷರ ಬಿಡದೆ. ಹೊಟ್ಟೆಕಿಚ್ಚು ನಿನ್ನೊಬ್ಬಳ ಸ್ವತ್ತಲ್ಲ. ನನ್ನದು ನಿನ್ನದಕ್ಕಿಂತ ಹಳೆಯದು.

ನಾಟಕಕ್ಕೆ ಎರಡನೇ ಭಾಗವಿದೆ. ಅದರ ಫೋಟೋ ನಾವು ಯಾರಿಗೂ ಕೊಟ್ಟಿಲ್ಲ.

ಪರವಾನಗಿ ಕಚೇರಿಯ ತೀರ್ಮಾನ ಏಪ್ರಿಲ್ 30ಕ್ಕೆ.

ತಂಗಿ


ಮೇ 4

ತಂಗೀ,

ಹನ್ನೊಂದು ಅರ್ಜಿಗಳಲ್ಲಿ ಹತ್ತಕ್ಕೆ ಗುರುವಾರ ಪರವಾನಗಿ ಸಿಕ್ಕಿದೆ. ಇದನ್ನು ತಿಳಿದುಕೊಂಡು ಬಂದವರು ನಮ್ಮ ಗುಮಾಸ್ತರು. ನಿನಗೂ ಈ ಹೊತ್ತಿಗೆ ತಿಳಿದಿರುತ್ತದೆ.

ನಮ್ಮ ಪತ್ರವಿಲ್ಲದೆಯೇ ಸಿಕ್ಕಿತು. ಕಿವುಡರ ಸಂಘ ಒಂದು ಪತ್ರ ಕೊಟ್ಟಿತ್ತು, ದೀಪದ ಕಾರ್ಖಾನೆ ಇನ್ನೊಂದು ಕೊಟ್ಟಿತ್ತು. ಅಷ್ಟು ಸಾಕಾಯಿತಂತೆ. "ಈಗೀಗ ಎಲ್ಲಾ ಹೀಗೇ ಮೇಡಂ. ನಿಮ್ಮ ಪತ್ರ ಇದ್ದರೆ ಫೈಲಿಗೆ ಸೇರಿಸ್ತೀವಿ, ಇಲ್ಲದಿದ್ರೂ ನಡೆಯುತ್ತೆ" ಎಂದು ಪರವಾನಗಿ ಕಚೇರಿಯವರು ಫೋನಿನಲ್ಲಿ ಹೇಳಿದರು. ಐದು ವಾರ ಬಾಗಿಲು ಅಡ್ಡಗಟ್ಟಿ ನಿಂತಿದ್ದೆ, ಅಕ್ಕಪಕ್ಕ ಗೋಡೆಯೇ ಇರಲಿಲ್ಲ.

ಹನ್ನೊಂದನೆಯದು ಬಡಗಿ ಮೇಷ್ಟ್ರದು. ಅವರು ಸರ್ಕಾರಿ ನೌಕರರು. ಸರ್ಕಾರಿ ನೌಕರರಿಗೆ ಮಾತ್ರ ರಾಯಭಾರ ಕಚೇರಿಯ ದೃಢೀಕರಣ ಕಡ್ಡಾಯ. ಈ ನಿಯಮ ನನಗೆ ಗೊತ್ತಿತ್ತು. ಅವರು ಸರ್ಕಾರಿ ಶಾಲೆಯವರೆಂದು ನೀನು ಮಾರ್ಚ್‌ನಲ್ಲೇ ಬರೆದಿದ್ದೆ. ನಾನು ಆ ಕಾಗದದಲ್ಲಿ ಗಡ್ಡದವರ ವಿಷಯವನ್ನು ಮೂರು ಸಲ ಓದಿದ್ದೆ, ಉಳಿದದ್ದನ್ನು ಒಂದು ಸಲ.

ಇಂದು ಬೆಳಿಗ್ಗೆ ಪತ್ರ ಕಳಿಸಿದೆ. ಹದಿನೈದು ಕೆಲಸದ ದಿನ ಹಿಡಿಯುತ್ತದೆ, ಅಂದರೆ ಮೇ 25. ನಾಟಕ 23ಕ್ಕೆ. ಎಷ್ಟು ಕೇಳಿಕೊಂಡರೂ ದಿನ ಕಡಿಮೆ ಮಾಡಲಿಲ್ಲ. ಕಡತದಲ್ಲಿ ವಿಳಂಬಕ್ಕೆ ಕಾರಣ ಬರೆಯುವ ಜಾಗವಿದೆ. "ಅಧಿಕಾರಿಯ ವೈಯಕ್ತಿಕ ಕಾರಣ" ಎಂದು ಬರೆದು ಸಹಿ ಹಾಕಿದ್ದೇನೆ. ರಾಯಭಾರಿಗಳು ಓದಿದರು. ಐದನೇ ಸಾಲು ಎಂದು ಹೇಳಿದೆ. "ಭಾಷಣ?" ಎಂದರು. ಇಲ್ಲ ಎಂದೆ. "ಒಳ್ಳೆಯದಾಯ್ತು ಬಿಡಿ" ಎಂದರು.

ಮೊನ್ನೆ ಶನಿವಾರ ಕಿವುಡರ ಸಂಘಕ್ಕೆ ಹೋಗಿದ್ದೆ. ಬೇಕರಿಯ ಮೇಲಿನ ಉದ್ದ ಕೋಣೆ, ಹದಿನಾರು ಟ್ಯೂಬ್‌ಲೈಟು, ಯಾರೂ ಯಾರಿಗೂ ಬೆನ್ನು ತಿರುಗಿಸಿ ಕೂರುವುದಿಲ್ಲ. ನಾನು ಮಾಡಿದ ಸನ್ನೆ ಒಬ್ಬರಿಗೂ ತಿಳಿಯಲಿಲ್ಲ. ಮೂವತ್ತೇಳು ವರ್ಷದಲ್ಲಿ ಮೊದಲ ಸಲ ನಾನೇ ಮೂಗಿಯಾಗಿ ನಿಂತಿದ್ದೆ. ಗಡಿಯಾರದವರು ಕುರ್ಚಿ ಕೊಟ್ಟರು. ನಿಮ್ಮಿಬ್ಬರ "ನಾಳೆ"ಯನ್ನು ನನಗೆ ಕಲಿಸಿದರು. ಗೋಡೆಯ ಮೇಲೆ ನಿಮ್ಮ ತಂಡದ ಫೋಟೋಗಳಿವೆ. ಎಲ್ಲದರಲ್ಲೂ ಗಡ್ಡದವರು ನಿನ್ನ ಪಕ್ಕದಲ್ಲಿದ್ದಾರೆ. ಎಲ್ಲದರಲ್ಲೂ ನಿನ್ನ ಕೈಯನ್ನೇ ನೋಡುತ್ತಿದ್ದಾರೆ. ಅದನ್ನು ನೋಡಿ ನನಗಾದದ್ದನ್ನು ಬರೆಯುವುದಿಲ್ಲ. ನೀನು ಊಹಿಸಬಲ್ಲೆ, ನಿನ್ನದು ಹಳೆಯದಲ್ಲವೇ.

ಮೇಷ್ಟ್ರಿಗೆ ನಾನೇ ಕ್ಷಮಾಪಣೆ ಬರೆಯುತ್ತೇನೆ. ವಿಳಾಸ ಕಳಿಸು.

ಅಕ್ಕ


ಮೇ 11

ಅಕ್ಕಾ,

ಬಡಗಿ ಮೇಷ್ಟ್ರು ಬರುವುದಿಲ್ಲ. ಸುದ್ದಿಯನ್ನು ಅವರಿಗೆ ನಾನೇ ಹೇಳಿದೆ. ಅವರು ಸ್ವಲ್ಪ ಹೊತ್ತು ತಮ್ಮ ಬೂಟು ನೋಡಿದರು. ಆಮೇಲೆ "ಅಷ್ಟರಲ್ಲಿ ಇವು ಮೆತ್ತಗಾದವು, ಅದೇ ಲಾಭ" ಎಂದು ಸನ್ನೆ ಮಾಡಿ, ದೀಪದ ಕ್ರಮವನ್ನು ಬರೆದುಕೊಡಲು ಕೂತರು. ಅವರ ವಿಳಾಸ ಹಿಂಬದಿಯಲ್ಲಿದೆ. ಉದ್ದವಾಗಿ ಬರೆಯಬೇಡ, ಕಾರಣಗಳನ್ನು ಬಿಡು. ನಿನ್ನನ್ನು ಈ ವರ್ಷ ನಾನು ಕ್ಷಮಿಸುವುದಿಲ್ಲ. ಮುಂದಿನ ವರ್ಷದ್ದು ಆಗ ನೋಡೋಣ.

ಈಗ ಕೆಲಸದ ಮಾತು. ದೀಪ ಹಿಡಿಯಲು ನಮ್ಮ ಸನ್ನೆ ಗೊತ್ತಿರುವವರು ಬೇಕು. ನಾವು ಎಂಟು ಜನ ಪಾತ್ರದಲ್ಲಿದ್ದೇವೆ, ಒಬ್ಬಳು ಪರದೆಗೆ, ಗಡ್ಡದವರು ಕೇಳುವವರಿಗಾಗಿ ಮಾತಾಡುತ್ತಾರೆ. ಅಕ್ಕನ ಪಾತ್ರದ ಮಾತೂ ಅವರ ಗಂಟಲಲ್ಲೇ ಬರುತ್ತದೆ, ಸಹಿಸಿಕೋ. ಆ ಊರಿನಲ್ಲಿ ನಮ್ಮ ಸನ್ನೆ ಬಲ್ಲವಳು ನೀನೊಬ್ಬಳೇ. ಖುಷಿಪಡಬೇಡ. ಬೇರೆ ಯಾರಾದರೂ ಇದ್ದಿದ್ದರೆ ಅವರನ್ನು ಕೇಳುತ್ತಿದ್ದೆ. ನಿನ್ನನ್ನು ಕರೆಯುವುದು ಬೇಡವೆಂದು ತಂಡದಲ್ಲಿ ಆರು ಜನ ಹೇಳಿದರು. ಕರೆಯೋಣ ಎಂದವರಲ್ಲಿ ಮೊದಲಿಗರು ಮೇಷ್ಟ್ರು. "ಕಲಿಯಲಿ" ಎಂದರು.

ಎರಡನೇ ಭಾಗವನ್ನು ಈಗ ಹೇಳಲೇಬೇಕು, ದೀಪದವರಿಗೆ ತಿಳಿದಿರಬೇಕಾದ್ದರಿಂದ. ಅಕ್ಕ ದೂರದ ಊರಿಗೆ ಹೋಗಿದ್ದಾಳೆ. ಅವಳ ಕೋಟು ಕುರ್ಚಿಯ ಮೇಲಿದೆ. ತಂಗಿ ಅದರೆದುರು ಕೂತು ಹನ್ನೊಂದು ನಿಮಿಷ ಮಾತಾಡುತ್ತಾಳೆ. ಆ ಹೊತ್ತು ಗಡ್ಡದವರು ಸುಮ್ಮನಿರುತ್ತಾರೆ. ಭಾಷಾಂತರವಿಲ್ಲ, ಪ್ರೇಕ್ಷಕರಿಗೆ ಬರೆದೂ ಕೊಟ್ಟಿಲ್ಲ. ಅಲ್ಲಿರುವುದೆಲ್ಲ ಅಡುಗೆಮನೆಯ ಸನ್ನೆಗಳು. ಮೇಷ್ಟ್ರು ಅವುಗಳ ದಾರಿಯನ್ನು ಬಾಯಿಪಾಠ ಮಾಡಿಕೊಂಡಿದ್ದರೇ ಹೊರತು ಅರ್ಥ ಅವರಿಗೂ ಹೇಳಿರಲಿಲ್ಲ. ಗಡ್ಡದವರಿಗೂ ಹೇಳಿಲ್ಲ. ಮಾರ್ಚ್‌ನಲ್ಲಿ ನೀನು ಕೇಳಿದ್ದಕ್ಕೆ ಇದೇ ಉತ್ತರ. ತಂಗಿಯ ಪಾತ್ರ ನನ್ನದು.

ಆರುನೂರು ಜನರಲ್ಲಿ ನಿನಗೊಬ್ಬಳಿಗೆ ಅದು ಅರ್ಥವಾಗುತ್ತದೆ. ಯಾರಿಗೂ ತಿರುಗಿ ಹೇಳುವ ಹಾಗಿಲ್ಲ. ಕೈ ಮಾತ್ರ ನೋಡಬೇಕು. ಅಳಬಾರದು, ದೀಪ ಅಲ್ಲಾಡುತ್ತದೆ.

ಟಿಕೆಟುಗಳೆಲ್ಲ ಮುಗಿದಿವೆ. ನಾವು ಮೇ 21ರ ಮಧ್ಯಾಹ್ನ ಬಂದಿಳಿಯುತ್ತೇವೆ. ದೀಪದ ತಾಲೀಮು 22ರ ಬೆಳಿಗ್ಗೆ ಒಂಬತ್ತೂಕಾಲಿಗೆ, ರಂಗಮಂದಿರದ ಹಿಂಬಾಗಿಲಿನಿಂದ ಪ್ರವೇಶ. ಕಪ್ಪು ಬಟ್ಟೆ ಹಾಕಿಕೊಂಡು ಬರಬೇಕು.

ತಂಗಿ